ನಮ್ಮವರು ಹೊಲಿದ ಕೌದಿ

ದೀಪಾವಳಿಯ ಮುಂಚಿನ ದಿನಗಳಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಾಗಲಕೋಟೆಯ ನವನಗರದಲ್ಲಿ ನಮ್ಮದು ಸಣ್ಣ ಮನೆ. ನಾನು ಕಸೂತಿ ಹಾಕುವವಳು. ಓಣಿಯ ನಾಲ್ಕಾರು ಹೆಂಗಸರು ಮನೆಗೆಲಸ ಮುಗಿಸಿ ಬಂದು ನನ್ನ ಜೊತೆ ಕೂರುತ್ತಾರೆ, ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಇಳಕಲ್ ಸೀರೆ. ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವ ಪದ್ಧತಿ ಇಲ್ಲ. ನೇಯ್ಗೆಯ ಎಳೆಗಳನ್ನು ಕಣ್ಣಿನಲ್ಲೇ ಎಣಿಸುತ್ತ ಸೂಜಿ ಆಡಿಸಬೇಕು. ಒಂದು ಎಳೆ ಹೆಚ್ಚುಕಮ್ಮಿಯಾದರೆ ಗೋಪುರ ವಾಲುತ್ತದೆ, ನವಿಲಿನ ಕತ್ತು ಸೊಟ್ಟಗಾಗುತ್ತದೆ.

ಆ ವರ್ಷ ಒಂದು ಕಪ್ಪು ಸೀರೆಯ ಸೆರಗಿನ ಮೇಲೆ ಆನೆ ಹಾಕುತ್ತಿದ್ದೆ. ಮಧ್ಯಾಹ್ನದ ಹೊತ್ತು ಇದ್ದಕ್ಕಿದ್ದಂತೆ ಎಳೆಗಳೆಲ್ಲ ಒಂದರ ಮೇಲೊಂದು ಬಂದಂತಾದವು. ಕಣ್ಣು ಉಜ್ಜಿಕೊಂಡೆ, ನೀರು ಹಾಕಿಕೊಂಡು ಬಂದೆ. ಮತ್ತೆ ನೋಡಿದರೆ ಆನೆಗೆ ಎರಡು ಸೊಂಡಿಲು. ತಲೆ ಸಿಡಿಯುತ್ತಿತ್ತು. ಒಳಗಿದ್ದ ನಮ್ಮವರನ್ನು ಕರೆದೆ. ಅವರು ಸೀರೆ ಮಡಚಿಟ್ಟು ನನ್ನನ್ನು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದರು.

ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ದೀಪ ಹಿಡಿದು ನೋಡಿದರು, ಗೋಡೆಯ ಮೇಲಿನ ಅಕ್ಷರ ಓದಿಸಿದರು. ಕೊನೆಗೆ ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು.

"ಕಣ್ಣಿಗೆ ರೋಗ ಏನಿಲ್ಲ. ಭಾಳ ದಣದಾವ. ಯಾವಾಗರ ರಜಾ ತಗೊಂಡೀರೇನ್ರಿ?"

ನನಗೆ ನಗು ಬಂತು. "ಮನ್ಯಾಗ ಕೂತು ಮಾಡೋ ಕೆಲಸಕ್ಕ ಯಾರು ರಜಾ ಕೊಡ್ತಾರ್ರಿ?"

"ನಾ ಕೊಡ್ತೇನಿ. ಒಂದು ತಿಂಗಳು ಸೂಜಿ ಮುಟ್ಟಬ್ಯಾಡ್ರಿ. ಬಯಲಿರೋ ಊರಿಗೆ ಹೋಗ್ರಿ, ದೂರಕ್ಕ ನೋಡ್ಕೋತ ಕೂಡ್ರಿ. ಅದ ಔಷಧ."

ಹೊರಗೆ ಬಂದ ಮೇಲೆ ನಮ್ಮವರು, "ಅಕ್ಕನ ಊರಿಗೆ ಹೋಗೂನು" ಅಂದರು. ಅವರ ದನಿಯಲ್ಲಿ ಬಹಳ ದಿನಗಳ ಮೇಲೆ ಒಂದು ಲವಲವಿಕೆ ಕೇಳಿಸಿತು.

ಅದರ ಹಿಂದಿನ ವರ್ಷವಷ್ಟೇ ಅವರು ನಿವೃತ್ತರಾಗಿದ್ದರು. ಸರ್ಕಾರಿ ಬಸ್ಸಿನ ಡ್ರೈವರು. ಬಾಗಲಕೋಟೆಯಿಂದ ಬಾದಾಮಿ, ಬಾದಾಮಿಯಿಂದ ಇಳಕಲ್ಲು, ಇಳಕಲ್ಲಿನಿಂದ ಹುನಗುಂದ, ಮತ್ತೆ ಬಾಗಲಕೋಟೆ, ಇದೇ ಹಾದಿಗಳಲ್ಲಿ ಅವರ ಆಯುಷ್ಯದ ಮುಕ್ಕಾಲು ಪಾಲು ಕಳೆದಿತ್ತು. ನಮಗೆ ಮಕ್ಕಳಿಲ್ಲ. ಅವರಿಗೆ ಬಸ್ಸು, ನನಗೆ ಸೂಜಿ, ಹಾಗೆ ದಿನಗಳು ಹೋಗಿದ್ದವು. ನೌಕರಿ ಮುಗಿದ ಮೇಲೂ ಅವರು ನಸುಕಿನಲ್ಲೇ ಎದ್ದು ಜಳಕ ಮಾಡಿ, ತಲೆ ಬಾಚಿಕೊಂಡು, ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದರು. ದೊಡ್ಡ ರಸ್ತೆಯಲ್ಲಿ ಮೊದಲ ಬಸ್ಸು ಹೋದ ಸಪ್ಪಳ ಕೇಳಿದ ಮೇಲೆ ಒಳಗೆ ಬಂದು ಚಹಾ ಕೇಳುತ್ತಿದ್ದರು. ಯಾರಾದರೂ "ಈಗ ಏನ್ ಮಾಡ್ತೀರಿ?" ಎಂದು ಕೇಳಿದರೆ "ಏನಿಲ್ಲ" ಎಂದು ಹೇಳಿ ಆ ಮಾತನ್ನು ಅಲ್ಲಿಗೇ ಮುಗಿಸುತ್ತಿದ್ದರು. ಆ "ಏನಿಲ್ಲ" ಕೇಳಿದಾಗಲೆಲ್ಲ ನನಗೆ ಕೈಯಲ್ಲಿನ ಸೂಜಿ ಭಾರವಾಗುತ್ತಿತ್ತು.

ಅಕ್ಕ ಎಂದರೆ ನಮ್ಮವರ ಒಡಹುಟ್ಟಿದ ಅಕ್ಕ. ನಾನೂ ಅಕ್ಕ ಎಂದೇ ಕರೆಯುತ್ತೇನೆ. ಗುಡೂರಿನ ಹೊರಗೆ ಹೊಲದಲ್ಲೇ ಅವರ ಮನೆ. ಬೀರಪ್ಪನ ಒಕ್ಕಲು, ಕುರಿ ಸಾಕಿದ ಮನೆತನ. ಆ ಚಳಿಗಾಲ ಮಾವನವರು, ಎಂದರೆ ಅಕ್ಕನ ಗಂಡ, ದೊಡ್ಡ ಹಿಂಡಿನ ಸಂಗಡ ಹೊಳೆದಂಡೆಯ ಕಡೆ ಹೋಗಿದ್ದರು. ಗಬ್ಬಾದ ಕುರಿಗಳನ್ನೂ ಕಾಲು ಸೋತವನ್ನೂ ಇಟ್ಟುಕೊಂಡು ಅಕ್ಕ ಒಬ್ಬಳೇ ಮನೆಯಲ್ಲಿದ್ದಳು. ದೀಪಾವಳಿ ಮುಗಿಸಿ ನಾವು ಹೋದ ಕೂಡಲೇ ಕಾಲಿಗೆ ನೀರು ಕೊಟ್ಟು, ದೇವರ ಜಗಲಿಯ ಮೇಲಿನ ಭಂಡಾರ ತಂದು ಇಬ್ಬರ ಹಣೆಗೂ ಅರಿಶಿನ ಬಳಿದಳು. ಆಮೇಲೆ ನನ್ನ ಗದ್ದ ಹಿಡಿದು ಮುಖ ಬೆಳಕಿಗೆ ತಿರುಗಿಸಿದಳು.

"ಕಣ್ಣ ಹೆಂಗ ಒಳಗ ಹೋಗ್ಯಾವ ನೋಡು. ಇಲ್ಲಿ ನೀ ಏನೂ ಮಾಡಬ್ಯಾಡ ತಂಗಿ. ಉಣ್ಣು, ಮಲಗು, ಕುಂದ್ರು."

ಮೊದಲ ದಿನಗಳಲ್ಲಿ ಅದೇ ಕಷ್ಟವಾಯಿತು. ಬೇವಿನ ಗಿಡದ ಕೆಳಗೆ ಹಗ್ಗದ ಹೊರಸು ಹಾಕಿಕೊಟ್ಟಿದ್ದಳು. ಎದುರಿಗೆ ಎದೆಯೆತ್ತರ ಬೆಳೆದ ಬಿಳಿಜೋಳ, ಅದರ ಅಂಚಿಗೆ ಕುಸುಬೆಯ ಹಳದಿ ಹೂವಿನ ಸಾಲು, ಅದರಾಚೆ ಕಡಲೆ ಹೊಲ, ಅದಕ್ಕೂ ಆಚೆ ಮಬ್ಬು ಮಬ್ಬಾಗಿ ಗುಡ್ಡ. ದೂರ ನೋಡಬೇಕಲ್ಲ ಎಂದು ಗುಡ್ಡವನ್ನೇ ನೋಡುತ್ತ ಕೂರುತ್ತಿದ್ದೆ. ಕಣ್ಣು ಗುಡ್ಡದ ಮೇಲಿದ್ದರೂ ಬೆರಳುಗಳು ತಮ್ಮಷ್ಟಕ್ಕೆ ತಾವು ಸೆರಗಿನ ತುದಿಯನ್ನು ಹಿಡಿದು ಎಳೆ ಹುಡುಕುತ್ತಿದ್ದವು. ಅಕ್ಕ ಅದನ್ನು ನೋಡಿ ಒಂದು ಮೊರದ ತುಂಬ ಶೇಂಗಾ ತಂದು ನನ್ನ ಮುಂದೆ ಇಟ್ಟಳು. "ಕಣ್ಣ ಮುಚ್ಗೊಂಡು ಸುಲಿ. ಡಾಕ್ಟರು ಇದಕ್ಕೇನೂ ಅಂದಿಲ್ಲಲ್ಲ?"

ಒಂದು ಸಂಜೆ ಅಕ್ಕ ತೆಳ್ಳನೆಯ ಬಿಳಿ ಧೋತರವೊಂದನ್ನು ಕಡಲೆ ಗಿಡಗಳ ಮೇಲೆ ಹಾಸಿ ಬಂದಳು. ಮುಂಜಾನೆ ನಾವಿಬ್ಬರೂ ಹೋಗಿ ನೋಡಿದರೆ ಬಟ್ಟೆ ಇಬ್ಬನಿಯಲ್ಲಿ ತೊಯ್ದು ಗಿಡಗಳಿಗೆ ಅಂಟಿಕೊಂಡಿತ್ತು. ಅದನ್ನು ಆಚೆ ತುದಿ ಅವಳು, ಈಚೆ ತುದಿ ನಾನು ಹಿಡಿದು ಪಾತ್ರೆಯೊಳಗೆ ಹಿಂಡಿದೆವು. ಕಡಲೆಯ ಹುಳಿ ಇಳಿಯಿತು. ಬೆರಳು ನೆಕ್ಕಿ ನೋಡಿದೆ, ಹಲ್ಲು ಚುಳ್ ಎಂದವು. ಹೊಟ್ಟೆನೋವಿಗೆ ಒಳ್ಳೆಯದು ಎಂದು ಅಕ್ಕ ಅದನ್ನು ಸೀಸೆಗೆ ತುಂಬಿಸಿಟ್ಟಳು. ಬಟ್ಟೆಯ ಸಂಗಡವೇ ಬದುಕಿದವಳು ನಾನು, ಬಟ್ಟೆಯಿಂದ ಹೊಲದ ರುಚಿ ಹಿಂಡಿದ್ದು ಅದೇ ಮೊದಲು. ಅವತ್ತು ಇಡೀ ದಿನ ತಲೆ ನೋಯಲಿಲ್ಲ.

ನಮ್ಮವರು ಮಾತ್ರ ಅಲ್ಲಿಯೂ ಸುಮ್ಮನೆ ಕೂರಲಾರದೆ ಬೇಲಿ ಕಟ್ಟಿದರು, ನೀರಿನ ಪೈಪು ರಿಪೇರಿ ಮಾಡಿದರು. ಹೊಲದ ಕೆಲಸಕ್ಕೆಂದು ತಂದಿದ್ದ ಹಳೆಯ ಖಾಕಿ ಅಂಗಿಯನ್ನೇ ದಿನವೂ ಹಾಕಿಕೊಳ್ಳುತ್ತಿದ್ದರು. ಮಾಡುವ ಕೆಲಸವೆಲ್ಲ ಮುಗಿದ ಒಂದು ದಿನ ಅವರ ಮುಖ ಮತ್ತೆ ಸಪ್ಪಗಾಯಿತು. ಅದನ್ನು ನೋಡಲಾರದೆ, "ಬಾದಾಮಿಗರ ಹೋಗಿ ಬರೂನ್ರಿ" ಅಂದೆ.

"ಬಾದಾಮ್ಯಾಗ ಏನೈತಿ? ದಿನಾ ನೋಡೀನಿ."

"ಗವಿ ನೋಡೀರೇನು?"

"ಇಲ್ಲ. ಬಸ್ ನಿಲ್ಸೂದು, ಚಾ ಕುಡಿಯೂದು, ಟೈರ್ ನೋಡೂದು, ಹೊಂಡೂದು. ಮ್ಯಾಲ ಹತ್ತಾಕ ಯಾರಿಗೆ ವ್ಯಾಳೆ ಇತ್ತು?"

ಮರುದಿನ ಹೊರಟೆವು. ಬಸ್ಸಿನಲ್ಲಿ ಅವರು ಡ್ರೈವರ ಹಿಂದಿನ ಸೀಟಿನಲ್ಲೇ ಕೂತರು. ತಿರುವು ಬಂದಾಗ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ನಾನು ನೋಡಿಯೂ ನೋಡದಂತೆ ಕಿಟಕಿಯ ಹೊರಗೆ ಮುಖ ಮಾಡಿದೆ.

ಗವಿಗಳ ಮೆಟ್ಟಿಲು ಹತ್ತಿ ಮೇಲಿನ ದೊಡ್ಡ ಗವಿಯ ಮುಂದೆ ನಿಂತಾಗ ಅವರಿಗೆ ಉಸಿರು ಹಿಡಿದಿತ್ತು. ಒಳಗಿನ ತಂಪಿಗೆ ಹೋಗಿ ತಲೆಯೆತ್ತಿದವರು ಬಹಳ ಹೊತ್ತು ಕತ್ತು ಇಳಿಸಲೇ ಇಲ್ಲ. "ಇಷ್ಟು ಬಾಜೂಕ ಇತ್ತಲ್ಲ ಇದು" ಎಂದು ಪಿಸುಗುಟ್ಟಿದರು. ನನಗೆ ಮೂರ್ತಿಗಳಿಗಿಂತ ಅವು ಉಟ್ಟ ಬಟ್ಟೆಯ ಮೇಲೆ ಕಣ್ಣು. ಕಲ್ಲಿನಲ್ಲಿ ಕಡೆದ ನೆರಿಗೆ, ಸೊಂಟಪಟ್ಟಿಯ ಮೇಲಿನ ಗೀರು, ಮೇಲ್ಛಾವಣಿಯ ಸುತ್ತುಬಳ್ಳಿ. ಇವನ್ನು ಕಸೂತಿಗೆ ಇಳಿಸಬಹುದಲ್ಲ ಎನಿಸಿ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದೆ. ನಮ್ಮವರು ತೋಳು ಹಿಡಿದು ಹಿಂದೆ ಎಳೆದರು.

"ನೀ ದೂರ ನಿಂದ್ರು. ನಾ ನೋಡಿ ಹೇಳ್ತೇನಿ."

ನನ್ನ ಚೀಲದಲ್ಲಿ ಚೌಕಳಿ ಗೆರೆಯ ಕಾಗದ ಯಾವಾಗಲೂ ಇರುತ್ತದೆ. ಅದನ್ನೂ ಪೆನ್ಸಿಲನ್ನೂ ಅವರಿಗೆ ಕೊಟ್ಟು ನಾನು ಕಂಬಕ್ಕೆ ಒರಗಿ ಕೂತೆ. ಅವರು ಒಂದು ಮೂರ್ತಿಯ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಇಲ್ಲಿಂದ ಸೀದಾ ಬಂದೈತಿ. ಆಮ್ಯಾಲ ಎಡಕ್ಕ ಹೊಳ್ಳತೈತಿ. ಸಣ್ಣ ಗುಂಡು ಒಂದು. ಮತ್ತ ಬಲಕ್ಕ" ಎಂದು ಜೋರಾಗಿ ಹೇಳುತ್ತ ಬರೆದರು. ಬೇರೆ ಊರಿನಿಂದ ಬಂದ ಕಾಲೇಜು ಹುಡುಗಿಯರು ನಿಂತು ನೋಡಿ ಹೋದರು. ನಮ್ಮವರಿಗೆ ಅದರ ಪರಿವೆಯೇ ಇರಲಿಲ್ಲ. ನಾನು ಅವರ ಬೋಳಾಗುತ್ತಿದ್ದ ನೆತ್ತಿಯನ್ನೂ, ನಾಲಿಗೆ ಕಚ್ಚಿಕೊಂಡು ಗೆರೆ ಎಳೆಯುವ ರೀತಿಯನ್ನೂ ನೋಡುತ್ತ ಕೂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಆ ಮುಖ ನಾನು ಕಂಡಿರಲಿಲ್ಲ.

ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಕೆಳಗೆ ನೋಡಿದೆವು. ಹಸಿರು ನೀರಿನ ಹೊಂಡ, ಅದರ ಮೆಟ್ಟಿಲುಗಳ ಮೇಲೆ ಊರಿನ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಡಿಯುವ ಸಪ್ಪಳ ಕೈ ಎತ್ತಿದ ಮೇಲೆ ಒಂದು ಕ್ಷಣ ತಡೆದು ನಮಗೆ ಕೇಳಿಸುತ್ತಿತ್ತು. ಒಗೆದ ಸೀರೆಗಳನ್ನು ಕಲ್ಲಿನ ಮೇಲೆ ಉದ್ದಕ್ಕೆ ಹಾಸಿದ್ದರು. ಕೆಂಪು, ಹಸಿರು, ಗುಲಾಬಿ, ಹಳದಿ, ಒಂದರ ಪಕ್ಕ ಒಂದು.

"ನೋಡ್ರಿ, ದೊಡ್ಡದೊಂದು ಕೌದಿ ಹಾಸಿದಂಗ ಐತಿ" ಅಂದೆ.

"ನಮ್ಮವ್ವ ಹೊಲಿದ ಕೌದಿ ಹಿಂಗ ಇತ್ತು" ಅಂದರು ಅವರು.

ಸಂಜೆ ಮನೆಗೆ ಬಂದು ನಾನು ಈ ಮಾತನ್ನು ಅಕ್ಕನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಅಟ್ಟ ಹತ್ತಿ ಒಂದು ಗಂಟು ಇಳಿಸಿದಳು. ಬಿಚ್ಚಿದರೆ ಅದೇ ಕೌದಿ. ಅವರ ತಾಯಿ ಹಳೆಯ ಸೀರೆ, ಅಂಗಿ, ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ನಡುವೆ ದೊಡ್ಡದಾಗಿ ಹರಿದಿತ್ತು, ಅಂಚು ಎಲ್ಲ ಎದ್ದುಹೋಗಿತ್ತು.

"ನೀ ಬಂದಾಗ ನಿನ್ನ ಕಡಿಂದ ಹೊಲಸ್ಬೇಕು ಅಂತ ಇಟ್ಟಿದ್ದೆ. ಈಗ ನೋಡಿದ್ರ ನಿನಗ ಸೂಜಿ ಮುಟ್ಟಬ್ಯಾಡ ಅಂದಾರ."

ಅಷ್ಟರಲ್ಲಿ ನಮ್ಮವರು, "ನಾ ಹೊಲೀತೇನಿ" ಅಂದರು.

ಅಕ್ಕ ನಕ್ಕಳು. ನಾನೂ ನಕ್ಕೆ. ಅವರು ನಗಲಿಲ್ಲ. "ಯಾಕ? ಬಸ್ಸಿನ ಸೀಟ ಹರದಾಗ ಡಬ್ಬಣ ಹಿಡದು ಹೊಲದವ ನಾ. ಇಕಿ ಬಾಜೂಕ ಕೂತು ಹೇಳ್ಲಿ, ನಾ ಹೊಲೀತೇನಿ."

ಮರುದಿನ ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಚಾಪೆ ಹಾಸಿ ಶುರುಮಾಡಿದೆವು. ಸೂಜಿಗೆ ದಾರ ಪೋಣಿಸುವುದಕ್ಕೇ ಅವರ ಚಹಾ ಆರಿಹೋಯಿತು. ದಪ್ಪ ಬೆರಳು, ಸ್ಟೇರಿಂಗ್ ಹಿಡಿದು ಗಟ್ಟಿಯಾದ ಅಂಗೈ. ಮೊದಲ ಸಾಲು ಹೊಲಿದು ಮುಗಿಸಿ ದೂರ ಹಿಡಿದು ನೋಡಿದರು. ಅಕ್ಕ ಹಾದುಹೋಗುವಾಗ ನಿಂತು, "ಕುರಿ ನಡದ ಹಾದಿ ಆಗೇತಲ್ಲೋ ತಮ್ಮಾ" ಅಂದಳು. ಅವರು ಪೂರ್ತಿ ಬಿಚ್ಚಿ ಮತ್ತೆ ಹಾಕಿದರು. ಬೆರಳಿಗೆ ಚುಚ್ಚಿಕೊಂಡು ಬಾಯಲ್ಲಿಟ್ಟುಕೊಂಡರು. ನನ್ನ ಕೈ ತಡೆಯಲಾರದೆ ಮುಂದೆ ಹೋದರೆ ಹಿಂದಕ್ಕೆ ತಳ್ಳಿದರು. "ಬಾಯಿಲೆ ಹೇಳು. ಕೈ ತರಬ್ಯಾಡ."

ನಾನು ಬಾಯಲ್ಲಿ ಹೇಳುವುದನ್ನು ಕಲಿಯಬೇಕಾಯಿತು. ಕೈಗೆ ಗೊತ್ತಿದ್ದದ್ದನ್ನೆಲ್ಲ ಮಾತಿನಲ್ಲಿ ಹುಡುಕಬೇಕು. ಟಾಕಿ, ಎಂದರೆ ಒಂದೊಂದು ಹೊಲಿಗೆ, ಎಷ್ಟು ಉದ್ದ ಇರಬೇಕು, ದಾರ ಎಷ್ಟು ಬಿಗಿ ಎಳೆಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ಹೇಳುತ್ತ ಹೇಳುತ್ತ ನಾವಿಬ್ಬರೂ ಆ ಒಂದು ವಾರದಲ್ಲಿ ಆಡಿದಷ್ಟು ಮಾತು ಅದಕ್ಕೂ ಮುಂಚೆ ಯಾವ ವರ್ಷವೂ ಆಡಿರಲಿಕ್ಕಿಲ್ಲ. ಹೊಲಿಗೆಯ ಮಾತಿನಿಂದ ಬೇರೆ ಮಾತು ಹುಟ್ಟುತ್ತಿತ್ತು. ಯಾವುದೋ ಮಳೆಗಾಲದಲ್ಲಿ ಹಳ್ಳ ಬಂದು ಬಸ್ಸು ನಿಂತದ್ದು, ಬಸುರಿ ಹೆಂಗಸೊಬ್ಬಳನ್ನು ಬಸ್ಸಿನಲ್ಲೇ ದವಾಖಾನೆಯ ಬಾಗಿಲಿಗೆ ಒಯ್ದು ಬಿಟ್ಟದ್ದು, ಇವೆಲ್ಲ ನನಗೆ ಗೊತ್ತೇ ಇರಲಿಲ್ಲ.

ಒಂದು ಸಲ, "ನಿನ್ನ ಕಸೂತ್ಯಾಗಿಂದ ಒಂದು ಕಲಸು" ಎಂದು ಕೇಳಿದರು. ಗವಂತಿ ಹೇಳಿಕೊಟ್ಟೆ. ಒಂದು ಟಾಕಿ ಹಾಕಿ ಒಂದು ಜಾಗ ಖಾಲಿ ಬಿಟ್ಟು ಕೊನೆಯವರೆಗೆ ಹೋಗಬೇಕು, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತ ಬರಬೇಕು. ಆಗ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ.

ಅವರ ಮುಖ ಅರಳಿತು. "ಹೋಗಿ ಬರೂ ಟ್ರಿಪ್ ಅಲ್ಲೇನು ಇದು! ಹೋಗೂವಾಗ ಬಿಟ್ಟ ಮಂದಿನ್ನ ಬರೂವಾಗ ಹತ್ತಿಸ್ಕೊಂಡು ಬರೂದು."

ನಡುವಿನ ಹರುಕಿನ ಹತ್ತಿರ ಬಂದಾಗ ಹೊಲಿಗೆ ನಿಂತಿತು. ಅಲ್ಲಿದ್ದ ತುಂಡು ಪೂರ್ತಿ ಜೀರ್ಣವಾಗಿತ್ತು, ಸೂಜಿ ಹಾಕಿದರೆ ಬಿಟ್ಟುಕೊಳ್ಳುತ್ತಿತ್ತು. ಅಕ್ಕ ಬಗ್ಗಿ ನೋಡಿ ಅದನ್ನು ಬೆರಳಿನಿಂದ ಸವರಿದಳು.

"ಇದು ನಿನ್ನ ಸಾಲಿ ಚಡ್ಡಿ ಅಲ್ಲೇನೋ? ಖಾಕಿದು. ಬಾವಿದಂಡಿಗೆ ಹರಕೊಂಡು ಬಂದು ಅವ್ವನ ಕಡಿಂದ ಬೈಸ್ಕೊಂಡಿದ್ದಿ."

ನಮ್ಮವರು ಆ ತುಂಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದುಕೊಂಡೇ ಕೂತರು. ಬಣ್ಣ ಹೋಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು ಅದು. ಅದರ ಮೇಲೆ ಗಟ್ಟಿಯಾದ ಇನ್ನೊಂದು ಬಟ್ಟೆ ಹಚ್ಚಬೇಕು ಎಂದು ನಾನು ಹೇಳಿದೆ. ಹೊಸ ಬಟ್ಟೆ ಬೇಡ, ಅದು ತೊಯ್ದಾಗ ಕುಗ್ಗಿ ಹಳೆಯದನ್ನು ಎಳೆಯುತ್ತದೆ, ಉಟ್ಟು ಒಗೆದು ಮೆತ್ತಗಾದದ್ದೇ ಆಗಬೇಕು ಎಂದೂ ಹೇಳಿದೆ. ಅಕ್ಕ ಒಳಗೆ ಹಳೆಯ ಬಟ್ಟೆ ಹುಡುಕಲು ಹೋದಳು.

ಅವರು ಎದ್ದು ನಿಂತು ಮೈಮೇಲಿನ ಖಾಕಿ ಅಂಗಿಯ ಗುಂಡಿ ಬಿಚ್ಚಿದರು. ಬನಿಯನ್ನಿನಲ್ಲಿ ಕೂತು ಅಂಗಿಯನ್ನು ಚಾಪೆಯ ಮೇಲೆ ಹರವಿದರು. ಬೆನ್ನಿನ ಭಾಗ ಸೀಟಿಗೆ ಒರಗಿ ಒರಗಿ ತೆಳ್ಳಗಾಗಿತ್ತು. ಎದೆಯ ಭಾಗ ಇನ್ನೂ ಗಟ್ಟಿ. ನಾನು ಕತ್ತರಿ ಕೊಡಲೋ ಬೇಡವೋ ಎಂದು ಹಿಡಿದುಕೊಂಡೇ ಇದ್ದೆ.

"ಬ್ಯಾಡ ಅನ್ನಿಸಿದ್ರ ಬಿಡ್ರಿ. ಅಕ್ಕ ಏನರ ತರ್ತಾಳ."

"ಇನ್ನ ಯಾವ ಡ್ಯೂಟಿಗೆ ಹೋಗೂದೈತಿ ನಾ?" ಅಂದರು. ಕತ್ತರಿ ಇಸಿದುಕೊಂಡು ಎದೆಯ ಬಲಭಾಗದಿಂದ ಚೌಕ ತುಂಡೊಂದನ್ನು ಕತ್ತರಿಸಿದರು. ಕತ್ತರಿ ಖಾಕಿಯ ಮೇಲೆ ಹಾಯುವ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ಕತ್ತರಿಸಿ ಆದ ಮೇಲೆ ಅವರು ತಲೆ ಬಗ್ಗಿಸಿದರು, ಕಣ್ಣೀರು ಚಾಪೆಯ ಮೇಲೆ ಬಿತ್ತು. ನೌಕರಿಯ ಕೊನೆಯ ದಿನ ಹಾರ ಹಾಕಿಸಿಕೊಂಡು ಬಂದಾಗಲೂ ಅತ್ತಿರಲಿಲ್ಲ ಅವರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಅಕ್ಕ ಹಳೆಯ ಬಟ್ಟೆಯ ಗಂಟು ಹಿಡಿದು ಹೊರಗೆ ಬಂದವಳು ನಮ್ಮನ್ನು ನೋಡಿ, ಸದ್ದಿಲ್ಲದೆ ತಿರುಗಿ ಕುರಿಗಳ ಕಡೆ ಹೋದಳು.

ಆ ತುಂಡಿನ ಸುತ್ತ ಅವರು ಗವಂತಿ ಹಾಕಿದರು. ಎಲ್ಲಿಯೂ ಸೊಟ್ಟಗಾಗಲಿಲ್ಲ.

ಅಂಚು ಕಟ್ಟಲು ಮೆತ್ತಗಿನ ಕೆಂಪು ಬಟ್ಟೆ ಬೇಕಿತ್ತು. ಅವರ ತಾಯಿ ಅಂಚಿಗೆ ತನ್ನ ಇಳಕಲ್ ಸೀರೆಯ ಸೆರಗನ್ನೇ ಬಳಸಿದ್ದಳು. ನಾನು ಬಹಳ ವರ್ಷಗಳಿಂದ ಸೀರೆ ತರುವ ನೇಕಾರರ ಮನೆ ಇಳಕಲ್ಲಿನಲ್ಲಿದೆ. ಅಲ್ಲಿಗೆ ಹೋದೆವು. ಆ ಓಣಿ ಹೊಕ್ಕರೆ ಸಾಕು, ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು. ವಯಸ್ಸಾದ ನೇಕಾರರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೆರಗು ನೇಯುತ್ತಿದ್ದರು. ಸೀರೆಯ ಮೈಯ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದ ಜಾಗವನ್ನು ನಮ್ಮವರಿಗೆ ತೋರಿಸಿದರು. ಅವರ ಹೆಂಡತಿ ಚಹಾ ತಂದುಕೊಟ್ಟರು. ಮಾತಿನ ನಡುವೆ ನೇಕಾರರು ನಮ್ಮವರನ್ನು ಕೇಳಿದರು.

"ನೌಕರಿ ಮುಗೀತಂತಲ್ರಿ. ಈಗ ಏನ್ ಮಾಡಾಕ ಹತ್ತೀರಿ?"

ನಾನು ಬಸಿಯಲ್ಲಿದ್ದ ಚಹಾವನ್ನೇ ನೋಡಿದೆ.

"ಕೌದಿ ಹೊಲ್ಯಾಕ ಹತ್ತೀನ್ರಿ" ಅಂದರು ನಮ್ಮವರು.

ನೇಕಾರರು ನಗಲಿಲ್ಲ. "ಹೌದೇನ್ರಿ? ಕೈಲೇನೋ, ಮಿಷನ್ ಮ್ಯಾಲೋ?"

"ಕೈಲೇ. ಅವ್ವಂದು ಹಳೇ ಕೌದಿ. ಅಂಚಿಗೆ ಬಟ್ಟಿ ಬೇಕಾಗಿತ್ತು, ಅದಕ ಬಂದೀವಿ."

ನೇಕಾರರ ಹೆಂಡತಿ ಒಳಗೆ ಹೋಗಿ ತಾನು ಉಟ್ಟು ಹಳತಾದ ಸೀರೆಯೊಂದನ್ನು ತಂದರು. ಮೈ ಸವೆದಿತ್ತು, ಸೆರಗು ಮಾತ್ರ ಚೆನ್ನಾಗಿತ್ತು. ಅದನ್ನು ಹರಿದು ಸೆರಗನ್ನು ನಮ್ಮವರ ಕೈಗೇ ಕೊಟ್ಟು, "ಹೊಲಿದ ಮ್ಯಾಲ ತಂದು ತೋರಸ್ರಿ ಮತ್ತ" ಅಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ನಮ್ಮವರು ಆ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಎಳೆ ಎಣಿಸುತ್ತ ಕೂತರು. ತಿರುವುಗಳು ಬಂದು ಹೋದವು, ಅವರ ಕಾಲು ಸುಮ್ಮನಿತ್ತು.

ಕೌದಿ ಮುಗಿದ ದಿನ ಅಕ್ಕ ಅದನ್ನು ಜಗಲಿಯ ಮುಂದೆ ಹಾಸಿ ಭಂಡಾರ ಹಾರಿಸಿದಳು. "ಇವತ್ತ ನೀವಿಬ್ಬರೂ ಹೊದ್ಕೋರಿ" ಎಂದು ನಮಗೇ ಕೊಟ್ಟಳು. ಹಳೆಯ ಬಟ್ಟೆಯ ಆ ಬಿಸುಪಿನಲ್ಲಿ ನಾನು ಚಿಕ್ಕ ಮಗುವಿನಂತೆ ನಿದ್ದೆ ಮಾಡಿದೆ.

ಬೆಳಗು ಹರಿಯುವ ಹೊತ್ತಿಗೆ ಅಕ್ಕ ಕೂಗಿದ್ದು ಕೇಳಿ ಎಚ್ಚರವಾಯಿತು. ಹೊರಗೆ ಮಂಜು ದಟ್ಟವಾಗಿತ್ತು. ಕುರಿಯೊಂದು ಬೇಲಿಯ ಮರೆಯಲ್ಲಿ ಈದಿತ್ತು, ಮರಿ ಇಬ್ಬನಿಯಲ್ಲಿ ಬಿದ್ದು ಸೆಟೆದುಕೊಂಡಿತ್ತು. ಅಕ್ಕ ಅದನ್ನು ಎದೆಗೆ ಅವುಚಿಕೊಂಡು ಓಡಿಬಂದವಳು, ನನ್ನ ಮೈಮೇಲಿನ ಕೌದಿಯನ್ನು ಒಂದೇ ಕೈಯಲ್ಲಿ ಎಳೆದು ಮರಿಯನ್ನು ಅದರೊಳಗೆ ಸುತ್ತಿದಳು. ಲೋಳೆ, ರಕ್ತ, ಕೆಸರು, ಎಲ್ಲ ಕೌದಿಗೆ. ಅಷ್ಟರಲ್ಲಿ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಬಾವಿಯ ಕಡೆಯಿಂದ ನಮ್ಮವರು ಬಂದರು.

"ಅಕ್ಕಾ! ನಿನ್ನೆರ ಮುಗಿಸೀನಿ ಅದನ್ನ!"

"ಹೊದ್ಸಾಕ ಹೊಲದಿಯೋ, ನೋಡಾಕ ಹೊಲದಿಯೋ? ಹಿಡಿ, ತಿಕ್ಕು. ನಾ ತಾಯಿನ್ನ ನೋಡ್ತೇನಿ."

ಗಂಟನ್ನು ಅವರ ಕೈಗೆ ತುರುಕಿ ಅವಳು ಓಡಿದಳು. ನಮ್ಮವರು ಒಲೆಯ ಮುಂದೆ ಕೂತು ಕೌದಿಯ ಮೇಲಿಂದಲೇ ಮರಿಯ ಎದೆ ತಿಕ್ಕತೊಡಗಿದರು. ನಾನು ಒಲೆಗೆ ಕಟ್ಟಿಗೆ ಒಟ್ಟಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮರಿಯ ಕಿವಿ ಅಲುಗಿತು. ಆಮೇಲೆ ಸೀನಿತು. ಅವರು ನನ್ನ ಕಡೆ ತಿರುಗಿದರು, ಮುಖದ ತುಂಬ ನಗು.

"ಕೈ ಹಚ್ಚಿ ನೋಡು. ಒಳಗ ಎಷ್ಟು ಬೆಚ್ಚಗ ಆಗೇತಿ."

ಬಿಸಿಲು ಏರುವ ಹೊತ್ತಿಗೆ ಮರಿ ಕಾಲು ಅಡ್ಡಾದಿಡ್ಡಿ ಇಟ್ಟುಕೊಂಡು ತಾಯಿಯ ಮೊಲೆ ಹುಡುಕುತ್ತಿತ್ತು. ನಾವಿಬ್ಬರೂ ಕೌದಿಯನ್ನು ಬಾವಿಯ ಹತ್ತಿರ ಒಯ್ದು ಒಗೆದೆವು. ತೊಯ್ದ ಕೌದಿಯ ಭಾರಕ್ಕೆ ನನ್ನ ಕೈ ಸೋತವು, ಅವರು ಒಬ್ಬರೇ ಎತ್ತಿ ಬೇಲಿಯ ಮೇಲೆ ಹರವಿದರು. ಅದು ಆರುವವರೆಗೆ ಗಳಿಗೆಗೊಮ್ಮೆ ಹೋಗಿ ಹೊಲಿಗೆ ಬಿಟ್ಟಿದೆಯೇ ಎಂದು ಮುಟ್ಟಿ ನೋಡಿದರು. ಎಲ್ಲೂ ಬಿಟ್ಟಿರಲಿಲ್ಲ.

ನಾವು ಹೊರಡುವ ದಿನ ಅಕ್ಕ ಕೌದಿ ಮಡಚಿ ನಮ್ಮ ಚೀಲಕ್ಕೆ ಹಾಕಲು ಬಂದಳು. ಅವರು ತೆಗೆದು ವಾಪಸು ಹೊರಸಿನ ಮೇಲಿಟ್ಟರು. "ಇಲ್ಲೇ ಇರ್ಲಿ ಅಕ್ಕಾ. ಇನ್ನೂ ಮರಿ ಹುಟ್ಟಾವು ಅದಾವ."

ನವನಗರಕ್ಕೆ ಬಂದ ಮೇಲೆ ಡಾಕ್ಟರಮ್ಮ ಕಣ್ಣು ನೋಡಿ ಹೊಸ ಚಷ್ಮಾ ಬರೆದುಕೊಟ್ಟರು. ಮಧ್ಯಾಹ್ನದ ಊಟದ ಮೇಲೆ ಸೂಜಿ ಹಿಡಿಯಬಾರದು ಎಂದರು. ಈಗ ಆ ಹೊತ್ತಿನಲ್ಲಿ ನಮ್ಮವರು ಮುಂದಿನ ಕೋಣೆಯಲ್ಲಿ ಕೂತು ಓಣಿಯವರ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಾರೆ. ಹೆಂಗಸರು ಮೊದಮೊದಲು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆಮೇಲೆ "ಕಾಕಾರ, ಇಲ್ಲೆ ಟಾಕಿ ಹೆಂಗ ಹಾಕಿದ್ರಿ?" ಎಂದು ಕೇಳಲು ಶುರುಮಾಡಿದರು.

ಪ್ರತಿ ಚಳಿಗಾಲವೂ ಗುಡೂರಿಗೆ ಹೋಗುವುದು ರೂಢಿಯಾಯಿತು. ಮರುವರ್ಷ ಮಾವನವರು ಹಿಂಡಿನ ಸಂಗಡ ಹೋಗಿರಲಿಲ್ಲ, ಮೊಣಕಾಲು ನೋವೆಂದು ಮನೆಯಲ್ಲೇ ಇದ್ದರು. ಬಾದಾಮಿಗೆ ಹೊರಟಾಗ ಅಕ್ಕನನ್ನೂ ಕರೆದೆವು. ಅವಳು ಒಲ್ಲೆ ಅಂದಳು. ಕುರಿಗೆ ನೀರು ಯಾರು ಕುಡಿಸುತ್ತಾರೆ, ಸಂಜೆಯ ಅಡುಗೆ ಯಾರು ಮಾಡುತ್ತಾರೆ ಎಂದು ಒಂದೊಂದೇ ಕಾರಣ ತೆಗೆದಳು. ಕೊನೆಗೆ ಮಾವನವರೇ, "ನಾ ಅದೀನಲ್ಲ, ಹೋಗಿ ಬಾ ಮಾರಾಯ್ತಿ" ಎಂದು ಅವಳ ಚಪ್ಪಲಿ ತಂದು ಮುಂದಿಟ್ಟರು.

ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬಂದ ಹೆಂಗಸಿನ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ತೆಗೆದುಕೊಂಡು ಗಿಡದ ಕೆಳಗೆ ಉಂಡೆವು. ಬೇರೆಯವರು ಬಡಿದ ರೊಟ್ಟಿ ತಿನ್ನುತ್ತಿದ್ದೇನೆ ಎಂದು ಅಕ್ಕನಿಗೆ ಒಂದು ಥರ ನಾಚಿಕೆ. ಎರಡೆರಡು ಸಲ ಚಟ್ನಿ ಹಾಕಿಸಿಕೊಂಡಳು. ಅಲ್ಲಿಂದ ಹೊಂಡದ ಮೆಟ್ಟಿಲಿಗೆ ಹೋಗಿ ನೆರಳಿನಲ್ಲಿ ಕೂತೆವು. ಅವಳಿಗೆ ಗವಿ ಹತ್ತುವ ಮನಸ್ಸಿರಲಿಲ್ಲ. ಕಾಲನ್ನು ನೀರಿನಲ್ಲಿ ಬಿಟ್ಟು ಆಚೆ ದಂಡೆಯ ಹೆಂಗಸರನ್ನು ನೋಡುತ್ತ, ಯಾರು ಹೇಗೆ ಹಿಂಡುತ್ತಾರೆ, ಯಾರ ಕೈಯಲ್ಲಿ ಶಕ್ತಿಯಿದೆ ಎಂದು ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಮಾತು ನಿಧಾನವಾಯಿತು. ತಲೆ ನನ್ನ ಹೆಗಲಿಗೆ ಬಂತು, ಹೆಗಲಿನಿಂದ ತೊಡೆಗೆ ಜಾರಿತು.

ಅಕ್ಕ ಹಗಲಿನಲ್ಲಿ ಮಲಗಿದ್ದನ್ನು ನಾನಂತೂ ಕಂಡಿರಲಿಲ್ಲ. ನಮ್ಮವರೂ ಕಂಡಿರಲಿಲ್ಲವಂತೆ. ಮಂಗಗಳು ಬಂದು ಅವಳ ಚೀಲದ ಕಡೆ ಕಣ್ಣು ಹಾಕಿದವು. ನಮ್ಮವರು ಛತ್ರಿ ತಿರು ತಿರುಗಿಸಿ ಸದ್ದು ಮಾಡದೆ ಓಡಿಸಿದರು. ಬಿಸಿಲು ಅವಳ ಮುಖಕ್ಕೆ ಬಂದಾಗ ಅದೇ ಛತ್ರಿ ಬಿಚ್ಚಿ ಹಿಡಿದು ನಿಂತರು. ನನ್ನ ಕಾಲು ಜೋಮು ಹಿಡಿದಿತ್ತು. ಅಲುಗಾಡದೆ ಕೂತೆ. ಅವಳ ಬಿಳಿಕೂದಲಿನಲ್ಲಿ ಹುಲ್ಲಿನ ಎಸಳೊಂದು ಸಿಕ್ಕಿಕೊಂಡಿತ್ತು, ಅದನ್ನು ಮೆಲ್ಲಗೆ ತೆಗೆದೆ.

ಎದ್ದಾಗ ಅವಳಿಗೆ ಒಂದು ಕ್ಷಣ ತಾನೆಲ್ಲಿದ್ದೇನೆ ಎಂಬುದು ತಿಳಿಯಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಗಾಬರಿಯಿಂದ ಕೇಳಿದಳು. "ಭಾಳೊತ್ತು ಮಲಗಿದ್ನೇನು?"

"ಇಲ್ಲವ್ವ, ಈಗರ ಕಣ್ಣ ಮುಚ್ಚಿದ್ದಿ" ಅಂದರು ನಮ್ಮವರು.

"ನಡೀರಿ ನಡೀರಿ, ಕುರಿ ಬರೂ ಹೊತ್ತಾತು" ಎಂದು ಅವಳು ಎದ್ದು ಸೀರೆ ಝಾಡಿಸಿದಳು. ಒಂದು ಮೆಟ್ಟಿಲು ಹತ್ತಿದವಳು ತಿರುಗಿ ನೀರನ್ನು ನೋಡಿದಳು. ಆಮೇಲೆ ಬಂದು ಮತ್ತೆ ನನ್ನ ಪಕ್ಕ ಕೂತಳು.

"ಇರ್ಲಿ ಬಿಡು. ಇನ್ನಷ್ಟೊತ್ತು ಕೂಡೂನು."